ಮಳೆ ಬರುವವರೆಗಿನ ಪಲ್ಯ

ಪುಷ್ಯ ಶುದ್ಧ ಚತುರ್ದಶಿಯ ದಿನ ನಮ್ಮ ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ನಸುಕಿನಿಂದಲೇ ಒಲೆ ಉರಿಯುತ್ತಿರುತ್ತದೆ. ಮರುದಿನ ಬನದ ಹುಣ್ಣಿಮೆ, ಬಾದಾಮಿಯಿಂದ 5 ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ತಾಯಿಯ ತೇರು. ಅದರ ಹಿಂದಿನ ದಿನವೇ ಪಲ್ಯದ ಹಬ್ಬ. ಗುಡಿಯಲ್ಲಿ ಅಂದು ತಾಯಿಗೆ 108 ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ಮನೆಗಳಲ್ಲಿ ಅವರವರ ಶಕ್ತಿಗೆ ತಕ್ಕಷ್ಟು. ದೇವಾಂಗ ನೇಕಾರರಾದ ನಮಗೆ ಅವಳು ಕುಲದೇವತೆ. ಬೇರೆ ಹಬ್ಬ ತಪ್ಪಿದರೂ ಈ ಹಬ್ಬ ನಮ್ಮಲ್ಲಿ ತಪ್ಪುವುದಿಲ್ಲ.

ಒಂದು ವರ್ಷ ಅದನ್ನೂ ತಪ್ಪಿಸಬೇಕೆಂದು ನಾನು ಹಟ ಹಿಡಿದಿದ್ದೆ. ನೇಯುವುದಷ್ಟೇ ಸಾಲದೆಂದು ಸಾಲ ತೆಗೆದು ಖಣದ, ಅಂದರೆ ಕುಬಸದ ಬಟ್ಟೆಯ, ವ್ಯಾಪಾರಕ್ಕೆ ಇಳಿದಿದ್ದೆ. ಉದ್ರಿಗೆ ಒಯ್ದ ಮಾಲಿನ ಹಣ ಮರಳಿ ಬರಲಿಲ್ಲ. ಬಡ್ಡಿ ಬೆಳೆಯಿತು, ನೂಲು ಕೊಡುವವರು ಕೈಬಿಟ್ಟರು, ಕೊನೆಗೆ ಅಪ್ಪನ ಕಾಲದಿಂದ ಬಂದ ಕುಣಿಮಗ್ಗವನ್ನೂ ಬಿಚ್ಚಿ ಮಾರಬೇಕಾಯಿತು. ಮಗ್ಗ ಹೋದ ಮೇಲೆ ಪಡಸಾಲೆಯಲ್ಲಿ ಉಳಿದದ್ದು ನೇಕಾರ ಕಾಲು ಇಳಿಬಿಟ್ಟು ಕೂಡುವ ಆ ಕುಣಿ ಮಾತ್ರ. ರಾತ್ರಿ ನೀರು ಕುಡಿಯಲು ಎದ್ದಾಗ ಅದರ ಬಳಿ ಹಾದುಹೋಗುವುದು ನನಗೆ ಕಷ್ಟವಾಗುತ್ತಿತ್ತು. ದೇವರ ಮುಂದೆ ನಿಂತರೂ ನನ್ನ ಬಾಯಿಂದ ಒಂದೇ ಮಾತು ಬರುತ್ತಿತ್ತು: ನನಗೆ ಮೋಸ ಮಾಡಿದವನು ಹಾಳಾಗಲಿ. ಅದನ್ನು ಪ್ರಾರ್ಥನೆಯೆಂದೇ ನಾನು ತಿಳಿದಿದ್ದೆ.

ಆ ವರ್ಷ ಅವ್ವ ಐದು ಪಲ್ಯ ಮಾಡಿದಳು. ಪರಿಚಯದವರ ಹೊಲದ ಬದುವಿನಲ್ಲಿ ಕಿತ್ತು ತಂದ ಹಕ್ಕರಿಕಿ, ಕುಸುಬಿ, ಹಿತ್ತಲಿನ ಪುಂಡಿ ಮತ್ತು ರಾಜಗಿರಿ, ಮೊದಲೇ ಒಣಗಿಸಿಟ್ಟಿದ್ದ ಕಡಲೆ ಪಲ್ಯ. ಒಂದಕ್ಕೂ ಪೇಟೆಯ ದುಡ್ಡು ತಗುಲಿರಲಿಲ್ಲ. ಇಷ್ಟನ್ನು ಎಡೆ ಹಿಡಿದು ಯಾಕೆ ಮರ್ಯಾದೆ ಕಳೆದುಕೊಳ್ಳಬೇಕೆಂದು ನಾನು ಸಿಡುಕಿದಾಗ ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸದೆ ಹೇಳಿದಳು: "ಬರಗಾಲದಾಗ ಆಕೀನ ಇದನ್ನ ಕೊಟ್ಟಾಳ. ಆಕಿ ಕೊಟ್ಟದ್ದು ಆಕಿಗೆ ಸಾಲೂದಿಲ್ಲೇನೋ ತಮ್ಮಾ?"

ಆ ಮಾತು ನನ್ನನ್ನು ಬಿಡಲಿಲ್ಲ. ಬನಶಂಕರಿಗೆ ಶಾಕಂಭರಿಯೆಂಬ ಹೆಸರಿರುವುದನ್ನು ಬಾಲ್ಯದಿಂದ ಕೇಳಿದ್ದೆನಾದರೂ ಅದರ ಕಥೆಯನ್ನು ನಿಧಾನವಾಗಿ ಓದಿದ್ದು ಅದರ ನಂತರವೇ. ದೇವೀಮಾಹಾತ್ಮ್ಯದ 11ನೆಯ ಅಧ್ಯಾಯದಲ್ಲಿ ತಾಯಿ ತಾನೇ ಹೇಳುವ ಕ್ರಮವನ್ನು ಗಮನಿಸಬೇಕು. 100 ವರ್ಷ ಮಳೆಯಿಲ್ಲದೆ ಭೂಮಿ ಒಣಗಿದಾಗ, ಮುನಿಗಳು ಸ್ತುತಿಸಲು, ಅವಳು ಮೊದಲು ಮಾಡುವುದು ನೋಡುವುದನ್ನು; ನೂರು ಕಣ್ಣುಗಳಿಂದ ಅವರನ್ನು ನೋಡಿ ಶತಾಕ್ಷಿಯಾಗುತ್ತಾಳೆ. ಆ ಕಣ್ಣುಗಳು ಒಂಬತ್ತು ರಾತ್ರಿ ನೀರು ಸುರಿಸಿದವೆಂದು ದೇವೀಭಾಗವತ ವಿಸ್ತರಿಸುತ್ತದೆ. ಆಮೇಲೆ ತನ್ನ ದೇಹದಿಂದಲೇ ಹುಟ್ಟಿದ ಶಾಕಗಳಿಂದ, ಅಂದರೆ ಸೊಪ್ಪು ತರಕಾರಿಗಳಿಂದ, ಲೋಕವನ್ನು ಸಲಹಿ ಶಾಕಂಭರಿಯಾಗುತ್ತಾಳೆ. ದುರ್ಗಮಾಸುರನನ್ನು ಕೊಂದು ದುರ್ಗೆಯೆನಿಸುವುದು ಇದೆಲ್ಲ ಆದ ಮೇಲೆ.

ನಾನು ಕೇಳುತ್ತಿದ್ದದ್ದು ಕೊನೆಯದನ್ನು. ಅಸುರ ಮೊದಲು ಸಾಯಲಿ, ಆಮೇಲೆ ಉಣ್ಣುತ್ತೇನೆ ಎಂದು ಹಸಿದುಕೊಂಡೇ ಕುಳಿತಿದ್ದೆ. ತಾಯಿಗಾದರೋ ಹಸಿದವರ ಮುಖ ಮೊದಲು ಕಂಡಿತು. ಆ ಶ್ಲೋಕದಲ್ಲಿ ಇನ್ನೂ ಒಂದು ಪದವಿದೆ, 'ಆವೃಷ್ಟೇಃ', ಅಂದರೆ ಮಳೆ ಬರುವವರೆಗೆ. ಅವಳು ಕೊಟ್ಟ ಸೊಪ್ಪು ಬರಗಾಲದ ಪರಿಹಾರವಲ್ಲ, ಬರಗಾಲವನ್ನು ದಾಟಲು ಬೇಕಾದ ಪ್ರಾಣಧಾರಣೆ. ಮಳೆಯನ್ನೇ ಕೇಳುತ್ತ ನಿಂತವನಿಗೆ ಕಾಲಬುಡದಲ್ಲಿ ಚಿಗುರಿದ ಹಕ್ಕರಿಕಿ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ.

ಕಷ್ಟ ಬಂದದ್ದೇ ಒಳ್ಳೆಯದಾಯಿತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಆ ಕಥೆಯಲ್ಲಿಯೂ ಬರಗಾಲವನ್ನು ಯಾರೂ ಹೊಗಳಿಲ್ಲ. ಅದನ್ನು ಕಂಡು ದೇವಿಯೇ ಅತ್ತಿದ್ದಾಳೆ. ಆದ್ದರಿಂದ ನಾನು ಅತ್ತದ್ದು ಭಕ್ತಿಗೆ ಕುಂದಲ್ಲವೆಂದು ತಿಳಿದು ನನ್ನ ಮನಸ್ಸು ಹಗುರಾಯಿತು.

ಹಬ್ಬದ ಮುಂದಿನ ವಾರ, ಅಲ್ಲಿಯವರೆಗೆ ಮುಖ ತಪ್ಪಿಸಿ ಓಡಾಡುತ್ತಿದ್ದ ಓಣಿಯಲ್ಲೇ ಕೆಚ್ಚುವ ಕೆಲಸಕ್ಕೆ ಹೋದೆ. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳ ಸಾಲು, ಮುಗಿದಾಗ ಅದರ ತುದಿಯ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಹೊಸೆದು ಕೂಡಿಸುವ ಕೆಲಸವಿದು. ಬೆರಳಿಗೆ ಚೂರು ಬೂದಿ ಹಚ್ಚಿಕೊಳ್ಳಬೇಕು, ಹಳೆಯದೊಂದು ಎಳೆ, ಹೊಸದೊಂದು ಎಳೆ ಹಿಡಿದು ಒಮ್ಮೆ ಹೊಸೆಯಬೇಕು, ಮುಂದಿನದಕ್ಕೆ ಹೋಗಬೇಕು; ಹೀಗೆ ಸಾವಿರಾರು ಎಳೆ. ಹತ್ತನೆಯ ಎಳೆ ಹಿಡಿದು ನೂರನೆಯದನ್ನು ಚಿಂತಿಸಿದರೆ ಕೈಯಲ್ಲಿದ್ದದ್ದು ತಪ್ಪುತ್ತದೆ. ಮಾಲೀಕನಾಗಿದ್ದ ನನಗೆ ಕೂಲಿಗೆ ಕೂಡುವುದು ಮೊದಲ ದಿನ ಬಹಳ ಭಾರವೆನಿಸಿತು. ನಾಲ್ಕನೆಯ ದಿನವೋ ಐದನೆಯ ದಿನವೋ ತಾಯಿಯ ಹೆಸರು ತಾನಾಗಿ ಎಳೆಗೊಂದರಂತೆ ನಾಲಿಗೆಗೆ ಬಂತು. ಆ ಹೆಸರಿನ ಹಿಂದೆ ಯಾರ ಮೇಲಿನ ಶಾಪವೂ ಇರಲಿಲ್ಲ ಎಂಬುದು ಸಂಜೆ ಮನೆಗೆ ನಡೆಯುವಾಗ ಹೊಳೆದು, ನಡುಬೀದಿಯಲ್ಲಿ ನಿಂತುಬಿಟ್ಟೆ.

ಅಂದಿನಿಂದ ಪ್ರತಿ ಬನದ ಹುಣ್ಣಿಮೆಗೆ ರಾತ್ರಿ ಹೊರಟು ನಡೆದೇ ಹೋಗುವ ಹರಕೆ ಹೊತ್ತಿದ್ದೇನೆ. ಹೋಗಿ ಗುಡಿಯ ಮುಂದಿನ ಹೊಂಡವಾದ ಹರಿದ್ರಾತೀರ್ಥದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂಡುತ್ತೇನೆ. ಮಳೆ ಸರಿಯಾಗಿ ಆದ ವರ್ಷ ಹೊಂಡ ತುಂಬಿರುತ್ತದೆ, ಆಗದ ವರ್ಷ ತಳ ಕಾಣುತ್ತದೆ, ಎರಡನ್ನೂ ನೋಡಿದ್ದೇನೆ. ಒಳಗೆ ಸಿಂಹದ ಮೇಲೆ ಕುಳಿತ ಎಂಟು ಕೈಗಳ ಕಪ್ಪು ಕಲ್ಲಿನ ಮೂರ್ತಿಯ ಮುಂದೆ ಮೊದಲೆಲ್ಲ ನನ್ನ ಕಣ್ಣು ಆಯುಧಗಳ ಮೇಲೆಯೇ ಇರುತ್ತಿತ್ತು. ಈಗ ಮುಖ ನೋಡುತ್ತೇನೆ. ಹೊರಗೆ ಬುಟ್ಟಿ ಇಟ್ಟುಕೊಂಡು ಕುಳಿತ ಹಳ್ಳಿಯ ಅಕ್ಕಂದಿರು ಜೋಳದ ರೊಟ್ಟಿಯ ಮೇಲೆ ಪಲ್ಯ, ಚಟ್ನಿ ಹಾಕಿ, ಮಣ್ಣಿನ ಕುಡಿಕೆಯ ಮೊಸರು ಕೊಡುತ್ತಾರೆ. "ಇನ್ನೊಂದ್ ರೊಟ್ಟಿ ತಗೋ, ನಡಕೊಂತ ಬಂದೀ," ಎಂದು ಕಳೆದ ವರ್ಷ ಒಬ್ಬ ಅಕ್ಕ ಒತ್ತಾಯ ಮಾಡಿ ಹಾಕಿದ ರೊಟ್ಟಿಗೆ ದುಡ್ಡು ಮುಟ್ಟಲಿಲ್ಲ.

ಸಾಲ ಇನ್ನೂ ಪೂರ್ತಿ ತೀರಿಲ್ಲ. ಸ್ವಂತ ಮಗ್ಗವೂ ಬಂದಿಲ್ಲ. ಪಡಸಾಲೆಯ ಕುಣಿಗೆ ಹಲಗೆ ಮುಚ್ಚಿದೆ. ನಾಳೆ ಪಲ್ಯದ ಹಬ್ಬ. ಅವ್ವ ಆ ಹಲಗೆಯ ಮೇಲೆ ಬಿಳಿ ಬಟ್ಟೆ ಹಾಸಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದಾಳೆ. ನಾನು ಹಕ್ಕರಿಕಿ ಸೋಸಲು ಕುಳಿತಿದ್ದೇನೆ.