ಮಿನಿ ಟ್ರ್ಯಾಕ್ಟರ್ ಕ್ಲಚ್ ಬಿಡದಿದ್ದರೆ: ಬಿಚ್ಚುವ ಮೊದಲು ನೋಡಬೇಕಾದ್ದು

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಗಂಗಾವತಿ, ಸಿಂಧನೂರು ಕಡೆಯ ಮಿನಿ ಟ್ರ್ಯಾಕ್ಟರ್‌ಗಳು ಒಂದರ ಹಿಂದೊಂದು ಗ್ಯಾರೇಜಿಗೆ ಬರುತ್ತವೆ. ದೂರು ಒಂದೇ: ‘ಕ್ಲಚ್ ಹಿಡಕೊಂಡೈತ್ರಿ, ಗೇರ್ ಬೀಳವಲ್ದು.’ ಹಾಗೆಂದ ಕೂಡಲೇ ಗಾಡಿಯನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಡಿ. ಪೆಡಲಿನ ಒತ್ತು ಕ್ಲಚ್ ಬೇರಿಂಗ್ ತನಕ ಮುಟ್ಟುತ್ತಿಲ್ಲವೋ, ಮುಟ್ಟಿದರೂ ಪ್ಲೇಟ್ ಬಿಡುತ್ತಿಲ್ಲವೋ ಎಂಬುದು ಮೊದಲು ತೀರ್ಮಾನವಾಗಬೇಕು.

ಇಂಜಿನ್ ನಿಲ್ಲಿಸಿ ಗೇರ್ ಹಾಕಿ. ಆಗ ಸಲೀಸಾಗಿ ಬಿದ್ದು, ಇಂಜಿನ್ ಓಡುವಾಗ ಮಾತ್ರ ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಇಂಜಿನ್ ನಿಂತಾಗಲೂ ಬೀಳದಿದ್ದರೆ ಗೇರ್ ಲಿವರ್, ಶಿಫ್ಟರ್ ಕಡೆ ನೋಡಿ. ಪೆಡಲ್ ಒತ್ತಿದರೂ ರೋಟವೇಟರ್ ಗಾಡಿಯನ್ನು ಮುಂದೆ ತಳ್ಳುತ್ತದೆ ಅನ್ನುವ ದೂರು ಬೇರೆ. ಸಿಂಗಲ್ ಕ್ಲಚ್ ಗಾಡಿಯಲ್ಲಿ, ಪಿಟಿಒ (ಹಿಂದಿನ ಉಪಕರಣ ತಿರುಗಿಸುವ ಶಾಫ್ಟ್) ಗೇರ್‌ಬಾಕ್ಸ್ ಮೂಲಕವೇ ತಿರುಗುವುದಾದರೆ, ಬ್ಲೇಡುಗಳ ಓಟವೇ ಹಿಂದಿನಿಂದ ಗೇರ್‌ಬಾಕ್ಸ್ ತಿರುಗಿಸುತ್ತದೆ. ಪಿಟಿಒ ನ್ಯೂಟ್ರಲ್ ಮಾಡಿ ನೋಡಿ. ಸಮಸ್ಯೆ ಹೋದರೆ ಕ್ಲಚ್‌ಗೆ ಕೈ ಹಚ್ಚುವುದೇ ಬೇಡ, ಪಿಟಿಒ ಶಾಫ್ಟಿಗೆ ಓವರ್‌ರನ್ ಕಪ್ಲರ್ (ಬಲವನ್ನು ಒಂದೇ ದಿಕ್ಕಿಗೆ ದಾಟಿಸುವ ಜೋಡಣೆ) ಹಾಕಿದರೆ ಸಾಕು.

ಇನ್ನು ಪೆಡಲ್ ಪ್ಲೇ. ಕೈಯಿಂದ ಮೆತ್ತಗೆ ಒತ್ತಿ, ಬಿಗಿ ಸಿಗುವ ತನಕ ಎಷ್ಟು ಇಳಿಯಿತೆಂದು ಸ್ಕೇಲ್ ಇಟ್ಟು ಅಳೆಯಿರಿ. ಈ ಗಾತ್ರದ ಬಹುತೇಕ ಗಾಡಿಗಳಿಗೆ 20ರಿಂದ 30 ಮಿ.ಮೀ. ಇರಬೇಕು, ನಿಮ್ಮ ಗಾಡಿಯ ಪುಸ್ತಕದ ಲೆಕ್ಕವೇ ಕೊನೆ. ಪ್ಲೇ ಜಾಸ್ತಿಯಾದಷ್ಟೂ ಕೆಲಸಕ್ಕೆ ಬರುವ ಒತ್ತು ಕಡಿಮೆ. ಕ್ಲಚ್ ಬಿಡಲಿ ಅಂತ ಪ್ಲೇ ಸೊನ್ನೆ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಬೇರಿಂಗ್ ಸದಾ, ಕ್ಲಚ್ ಪ್ಲೇಟನ್ನು ಅದುಮುವ ಪ್ರೆಷರ್ ಪ್ಲೇಟನ್ನು ಎತ್ತುವ ಫಿಂಗರ್‌ಗೆ ತಾಗಿ ತಿರುಗುತ್ತಾ ಸವೆಯುತ್ತದೆ, ಪ್ಲೇಟ್ ಸ್ಲಿಪ್ ಆಗಿ ಸುಡುತ್ತದೆ.

ಪೆಡಲಿನಿಂದ ಕ್ಲಚ್ ಆರ್ಮಿಗೆ ಹೋಗುವ ರಾಡಿನ ಪಿನ್ನುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ನೋಡಿ. ಗುಂಡಗಿರಬೇಕಾದ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ, ಪಿನ್ನಿನ ನಡುವೆ ಉಗುರು ಸಿಕ್ಕುವಷ್ಟು ತಗ್ಗು ಬಿದ್ದಿರುತ್ತದೆ. ಇದನ್ನು ಸಣ್ಣದೆನ್ನಬೇಡಿ. ಒಳಗೆ ಪ್ಲೇಟಿನ ಒಂದೊಂದು ಬದಿಗೆ ಸಿಗುವ ಸಂದೇ ಅರ್ಧದಿಂದ ಒಂದು ಮಿ.ಮೀ. ಮೂರು ಜಾಯಿಂಟಿನಲ್ಲಿ ತಲಾ ಒಂದು ಮಿ.ಮೀ. ಸಡಿಲಿದ್ದರೂ ಆ ಸಂದು ಕಡಿಮೆಯಾಗುತ್ತದೆ. ಪಿನ್, ಬುಷ್ ಬದಲಿಸಿ, ತೂತಿಗೆ ವೆಲ್ಡ್ ತುಂಬಿ ಮತ್ತೆ ಕೊರೆಸಿ, ಆಮೇಲೆ ಪ್ಲೇ ಕಟ್ಟಿ ಲಾಕ್ ನಟ್ ಬಿಗಿ ಮಾಡಿ.

ಕ್ಲಚ್ ಮುಚ್ಚಿರುವ ಬೆಲ್ ಹೌಸಿಂಗ್‌ನ ಕಿಟಕಿ ತೆಗೆದು ಟಾರ್ಚ್ ಬಿಡಿ, ಒಬ್ಬರು ಪೆಡಲ್ ತುಳಿಯಲಿ. ಹೊರಗಿನ ಆರ್ಮ್ ತಿರುಗಿ ಒಳಗೆ ಬೇರಿಂಗ್ ತಳ್ಳುವ ಫೋರ್ಕ್ ತಿರುಗದಿದ್ದರೆ ಕೀಲಿಯೋ ಪಿನ್ನೋ ತುಂಡಾಗಿದೆ. ಬೇರಿಂಗ್ ಮೂರೂ ಫಿಂಗರನ್ನು ಒಟ್ಟಿಗೇ ಒತ್ತಬೇಕು. ಒಂದು ಹಿಂದೆ ಉಳಿದರೆ ಪ್ರೆಷರ್ ಪ್ಲೇಟ್ ಓರೆಯಾಗಿ ಎದ್ದು, ಪ್ಲೇಟ್ ಒಂದು ಬದಿ ಉಜ್ಜುತ್ತಲೇ ಇರುತ್ತದೆ.

ಬೇರಿಂಗ್ ಪೂರ್ತಿ ಒತ್ತಿದರೂ ಬಿಡದಿದ್ದರೆ, ಅದೂ ತಿಂಗಳುಗಟ್ಟಲೆ ನಿಂತ ಗಾಡಿಯಾಗಿದ್ದರೆ, ಪ್ಲೇಟ್ ಇಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲ್‌ಗೆ ತುಕ್ಕು ಹಿಡಿದು ಅಂಟಿರಬಹುದು. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಗಾಲಿ) ಹಾಕಿ ಕೆಸರಲ್ಲಿ ಇಳಿದಾಗ ಒಳಗೆ ಹೋದ ನೀರಿನ ಕೆಲಸ ಇದು. ನ್ಯೂಟ್ರಲ್‌ನಲ್ಲಿ ಅರ್ಧ ಗಂಟೆ ಇಂಜಿನ್ ಓಡಿಸಿ ಬಿಸಿ ಮಾಡಿ, ನಿಲ್ಲಿಸಿ. ಪೆಡಲ್ ಪೂರ್ತಿ ಒತ್ತಿ ಕಟ್ಟಿಗೆ ಆನಿಸಿ. ಟಾಪ್ ಗೇರ್ ಹಾಕಿ, ಇಂಜಿನ್ ಚಾಲೂ ಆಗದಂತೆ ಸ್ಟಾಪ್ ಕೇಬಲ್ ಎಳೆದಿಟ್ಟು, ಬಯಲಲ್ಲಿ ಇನ್ನೊಂದು ಟ್ರ್ಯಾಕ್ಟರಿನಿಂದ ಮೆಲ್ಲಗೆ ಎಳೆಸಿ. ಟಾಪ್ ಗೇರ್ ಯಾಕೆಂದರೆ ಸಣ್ಣ ಗೇರಿನಲ್ಲಿ ಗಾಲಿ ಜಾರುತ್ತದೆ, ಪ್ಲೇಟಿಗೆ ಬಲ ಬೀಳುವುದಿಲ್ಲ. ಬಿಟ್ಟಾಗ ಟಕ್ ಅನ್ನುತ್ತದೆ, ಗಾಲಿ ಹಗುರಾಗಿ ಉರುಳುತ್ತದೆ. ಸ್ಟೇರಿಂಗ್ ಹಿಡಿದವರ ಕಾಲು ಬ್ರೇಕಿನ ಮೇಲಿರಲಿ, ಎರಡು ಗಾಡಿಗಳ ನಡುವೆ ಯಾರೂ ನಿಲ್ಲಬಾರದು. ಸೇಫ್ಟಿ ಸ್ವಿಚ್ ತಪ್ಪಿಸಿ ಗೇರಿನಲ್ಲೇ ಸೆಲ್ಫ್ ಹೊಡೆಯುವುದು ಜೀವಕ್ಕೇ ಅಪಾಯ. ಕಿಟಕಿಯಿಂದ ಡೀಸೆಲ್ ಸುರಿಯಲೂ ಬೇಡಿ. ಲೈನಿಂಗ್ ಅದನ್ನು ಕುಡಿದರೆ ಪ್ಲೇಟ್ ಹೊಸದೇ ಹಾಕಬೇಕು.

ಇಷ್ಟಾದರೂ ಬಿಡದಿದ್ದರೆ ಬಿಚ್ಚಲೇಬೇಕು. ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಜಾಮ್ ಆಗಿದೆಯೇ, ಪ್ಲೇಟ್ ಹಬ್ ಶಾಫ್ಟಿನ ಹಲ್ಲುಗಳ ಮೇಲೆ ಬೆರಳಿನ ತಳ್ಳಿಗೇ ಜಾರುತ್ತದೆಯೇ, ಪ್ಲೇಟ್ ಬಾಗಿದೆಯೇ ನೋಡಿ. ಹಲ್ಲಿಗೆ ಗ್ರೀಸ್ ತೆಳ್ಳಗೆ ಸವರಿ, ಉಳಿದದ್ದನ್ನು ಒರೆಸಿ. ಪ್ಲೇಟ್ ಉಲ್ಟಾ ಕೂರಿಸಿದರೆ ಹಬ್ ಫ್ಲೈವೀಲ್ ಬೋಲ್ಟಿಗೆ ತಾಗಿ ಹೊಸ ಕ್ಲಚ್ಚೂ ಬಿಡುವುದಿಲ್ಲ, ಹಾಗಾಗಿ ಬಿಚ್ಚುವಾಗಲೇ ಸುಣ್ಣದ ಗುರುತು ಹಾಕಿಕೊಳ್ಳಿ.

ಬೆಲ್ ಹೌಸಿಂಗ್ ತಳದ ನೀರಿನ ತೂತಿಗೆ ಎರೆ ಮಣ್ಣು ಮೆತ್ತಿಕೊಂಡು ಕಲ್ಲಿನಂತಾಗಿರುತ್ತದೆ. ತಂತಿ ಹಾಕಿ ಬಿಡಿಸಿದರೆ ಕೆಂಪು ನೀರು ಇಳಿಯುತ್ತದೆ. ಪ್ಲಗ್ ಕೊಟ್ಟಿರುವ ಗಾಡಿಗೆ ಕೆಸರಿಗೆ ಇಳಿಯುವ ಮುನ್ನ ಪ್ಲಗ್ ಹಾಕಿ, ಗದ್ದೆಯಿಂದ ಬಂದ ದಿನವೇ ತೆಗೆದು ನೀರು ಬಸಿಯಿರಿ. ಶೆಡ್ಡಿಗೆ ಸೇರಿಸುವಾಗ ಪೆಡಲ್ ಒತ್ತಿ ಕಟ್ಟಿಡಿ, ಇಲ್ಲವೇ ಹದಿನೈದು ದಿನಕ್ಕೊಮ್ಮೆ ಚಾಲೂ ಮಾಡಿ ಹತ್ತಾರು ಸಲ ಕ್ಲಚ್ ತುಳಿಯಿರಿ.