ತಪ್ಪು ದಾರಿಯಲ್ಲಿ ಬಂದ ಸರಿ ಉತ್ತರ

ನಮ್ಮ ಗಣಿತ ಮೇಷ್ಟ್ರು ಸರಿ ಉತ್ತರ ಕಂಡ ಕೂಡಲೇ ರೈಟ್ ಹಾಕುವವರಲ್ಲ. "ಎಂತ ಮಾಡ್ದೆ ಮಾರಾಯ, ಹೇಳು ನೋಡಾಣ" ಅನ್ನುತ್ತಿದ್ದರು. ಉತ್ತರ ಸರಿ ಇದ್ದರೂ ಇವರದ್ದೊಂದು ಕಿರಿಕಿರಿ ಅಂತ ನಾವು ಗೊಣಗುತ್ತಿದ್ದೆವು.

ತೀರ್ಥಹಳ್ಳಿ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ. ಹೆಂಚಿನ ಮೇಲೆ ಮಳೆ ಹೊಡೆಯಲು ಶುರುವಾದರೆ ಮೇಷ್ಟ್ರ ದನಿ ಎರಡನೇ ಬೆಂಚಿಗೂ ತಲುಪುತ್ತಿರಲಿಲ್ಲ. ಹಾಗಾಗಿ ಜುಲೈ ತಿಂಗಳಲ್ಲಿ ಪಾಠ ಕಡಿಮೆ, ನಮ್ಮನ್ನು ಬೋರ್ಡಿಗೆ ಕರೆದು ಲೆಕ್ಕ ಮಾಡಿಸುವುದೇ ಜಾಸ್ತಿ. ಯಾರ ತಲೆಯಲ್ಲಿ ಏನು ಓಡುತ್ತಿದೆ ಅನ್ನುವುದು ಅವರಿಗೆ ಅಲ್ಲೇ ಗೊತ್ತಾಗುತ್ತಿತ್ತು.

ಒಂಬತ್ತನೇ ಕ್ಲಾಸಿನಲ್ಲಿ ಮೇಗರವಳ್ಳಿ ಕಡೆಯಿಂದ ಬರುತ್ತಿದ್ದ ಗೆಳೆಯನೊಬ್ಬ ಬೋರ್ಡಿಗೆ ಹೋದ. ಎಕ್ಸ್ ಸ್ಕ್ವೇರ್ ಮೈನಸ್ 9 ಅನ್ನು ಎಕ್ಸ್ ಮೈನಸ್ 3ರಿಂದ ಭಾಗಿಸಬೇಕಿತ್ತು. ಇವನು ಎಕ್ಸ್ ಸ್ಕ್ವೇರನ್ನು ಎಕ್ಸ್‌ನಿಂದ ಭಾಗಿಸಿ ಎಕ್ಸ್ ಬರೆದ. ಮೈನಸ್ 9ನ್ನು ಮೈನಸ್ 3ರಿಂದ ಭಾಗಿಸಿ ಪ್ಲಸ್ 3 ಬರೆದ. ಉತ್ತರ ಎಕ್ಸ್ ಪ್ಲಸ್ 3. ಪುಸ್ತಕದ ಕೊನೆಯಲ್ಲೂ ಅದೇ ಇತ್ತು. ಅಪವರ್ತನ ಮಾಡಲಿಲ್ಲ, ಏನಿಲ್ಲ, ಎರಡೇ ಸಾಲಿನಲ್ಲಿ ಕೆಲಸ ಮುಗಿಸಿದ್ದ.

ಮೇಷ್ಟ್ರು ತಪ್ಪು ಅನ್ನಲಿಲ್ಲ. ಪಕ್ಕದಲ್ಲೇ ಇನ್ನೊಂದು ಲೆಕ್ಕ ಬರೆದರು: ಎಕ್ಸ್ ಸ್ಕ್ವೇರ್ ಮೈನಸ್ 8, ಭಾಗಿಸು ಎಕ್ಸ್ ಮೈನಸ್ 2. ಅವನು ಅದೇ ಠೀವಿಯಲ್ಲಿ ಎಕ್ಸ್ ಪ್ಲಸ್ 4 ಅಂತ ಬರೆದ. "ಈಗ ಎಕ್ಸ್ ಇರೋ ಕಡೆ 1 ಹಾಕು" ಅಂದರು. ಮೇಲೆ ಮೈನಸ್ 7, ಕೆಳಗೆ ಮೈನಸ್ 1, ಭಾಗಿಸಿದರೆ 7. ಅವನ ಉತ್ತರದಲ್ಲಿ 1 ಹಾಕಿದರೆ 5. ಅವನು ಒಂದು ಸಲ ಬೋರ್ಡ್ ನೋಡಿದ, ಒಂದು ಸಲ ಮೇಷ್ಟ್ರ ಮುಖ ನೋಡಿದ. "ಸಾರ್, ಹಂಗಾದ್ರೆ ಮೊದಲನೇದು ಹೆಂಗೆ ಸರಿ ಬಂತು?" ಅಂತ ಕೇಳಿದ. ಮೇಷ್ಟ್ರು ಕಾಯುತ್ತಿದ್ದದ್ದು ಆ ಪ್ರಶ್ನೆಗೇ.

ಇದರಲ್ಲಿ ಏನು ವಿಶೇಷ ಅಂತ ಆಗ ನಮಗೆ ಹೊಳೆದಿರಲಿಲ್ಲ. ಮೇಷ್ಟ್ರು ಎಕ್ಸ್ ಸ್ಕ್ವೇರ್ ಮೈನಸ್ 16ನ್ನು ಎಕ್ಸ್ ಮೈನಸ್ 4ರಿಂದ ಭಾಗಿಸು ಅಂದಿದ್ದರೆ? ಹುಡುಗನ ಉಪಾಯ ಮತ್ತೆ ಗೆಲ್ಲುತ್ತಿತ್ತು. ಮೇಲೆ ಎಕ್ಸ್ ಸ್ಕ್ವೇರ್ ಮೈನಸ್ 25, ಕೆಳಗೆ ಎಕ್ಸ್ ಪ್ಲಸ್ 5 ಕೊಟ್ಟರೂ ಗೆಲ್ಲುತ್ತದೆ, ಬೇಕಾದರೆ ಮಾಡಿ ನೋಡಿ. ಮೇಲೆ ಎರಡು ವರ್ಗಗಳ ವ್ಯತ್ಯಾಸ, ಕೆಳಗೆ ಅದರದ್ದೇ ಅಪವರ್ತನ ಇದ್ದರೆ ಈ ತಪ್ಪು ದಾರಿ ಪ್ರತಿ ಸಲವೂ ಸರಿ ಉತ್ತರಕ್ಕೇ ಮುಟ್ಟಿಸುತ್ತದೆ. ಅಭ್ಯಾಸದ ಲೆಕ್ಕಗಳೆಲ್ಲ ಆ ಜಾತಿಯವೇ ಆದರೆ ಮಗು ನೂರಕ್ಕೆ ನೂರು ತೆಗೆದು, ತಪ್ಪನ್ನೂ ಜೊತೆಗೆ ಕಟ್ಟಿಕೊಂಡು ಮುಂದಿನ ಕ್ಲಾಸಿಗೆ ಹೋಗುತ್ತದೆ. ಮೇಷ್ಟ್ರು ನಿಂತ ನಿಲುವಿನಲ್ಲೇ ಆ ಜಾತಿಗೆ ಸೇರದ 8 ಅನ್ನುವ ಸಂಖ್ಯೆಯನ್ನು ಆರಿಸಿಕೊಂಡಿದ್ದರು.

ನಾನೀಗ ಶಿವಮೊಗ್ಗದಲ್ಲಿ ಶಿಕ್ಷಕರ ತರಬೇತಿಗೆ ಪ್ರಶ್ನೆ ತಯಾರಿಸುವವರ ಜೊತೆ ಕೆಲಸ ಮಾಡುತ್ತೇನೆ. ಆ 8 ಅನ್ನು ಆರಿಸುವ ಬುದ್ಧಿ ಇದೆಯಲ್ಲ, ಅದನ್ನು ಅಳೆಯುವುದು ಹೇಗೆ ಅನ್ನುವುದೇ ನಮ್ಮ ತಲೆನೋವು. ಅದು ಬರೀ ಗಣಿತದ ಜ್ಞಾನವಲ್ಲ. ಎಂ.ಎಸ್ಸಿ. ಮಾಡಿದವರಿಗೂ ಅದು ತಾನಾಗಿ ಬರುವುದಿಲ್ಲ. ಬಿ.ಎಡ್.ನಲ್ಲಿ ಕಲಿಸುವ ಬೋಧನಾ ವಿಧಾನವೂ ಅಲ್ಲ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಇದರ ಬಗ್ಗೆ ಬರೆದರು: ವಿಷಯ ಗೊತ್ತಿರುವುದು ಬೇರೆ, ಕಲಿಸಲು ಬೇಕಾದಂತೆ ವಿಷಯ ಗೊತ್ತಿರುವುದು ಬೇರೆ. ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯದ ಡೆಬೊರಾ ಬಾಲ್ ಮತ್ತು ಹೆದರ್ ಹಿಲ್ ಪ್ರಾಥಮಿಕ ಶಾಲೆಯ ಗಣಿತಕ್ಕೆ ಈ ಜ್ಞಾನವನ್ನು ಅಳೆಯುವ ಪ್ರಶ್ನೆಗಳನ್ನು ಮಾಡಿದರು. ಈ ಜ್ಞಾನ ಜಾಸ್ತಿ ಇರುವ ಶಿಕ್ಷಕರ ಮಕ್ಕಳು ಜಾಸ್ತಿ ಕಲಿಯುತ್ತಾರೆ ಅಂತ ಅವರ ತಂಡ 2005ರಲ್ಲಿ ತೋರಿಸಿತು. ಬೀಜಗಣಿತಕ್ಕೆಂದೇ ಪರೀಕ್ಷೆ ಕಟ್ಟಿದವರು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು. ಶಾಲೆಯ ಬೀಜಗಣಿತ, ಅದಕ್ಕಿಂತ ಮೇಲಿನ ಗಣಿತ, ಕಲಿಸಲು ಬೇಕಾದ ಗಣಿತ ಅಂತ ಅವರು ಮೂರು ಭಾಗ ಮಾಡಿಕೊಂಡರು.

ಭಾಗ ಮಾಡುವುದು ಸುಲಭ, ಪ್ರಶ್ನೆ ಬರೆಯುವಾಗ ಸಾಕುಸಾಕಾಗುತ್ತದೆ. "ಎಕ್ಸ್ ಸ್ಕ್ವೇರ್ ಸಮ 5 ಎಕ್ಸ್, ಬಿಡಿಸಿ" ಅಂದರೆ ಅದು ಶಾಲೆಯ ಲೆಕ್ಕ. "ಒಬ್ಬಳು ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ 5 ಅಂತ ಉತ್ತರ ಬರೆದಿದ್ದಾಳೆ. ಸೊನ್ನೆ ಯಾಕೆ ತಪ್ಪಿಹೋಯಿತು ಅಂತ ಅವಳಿಗೇ ಕಾಣುವಂತೆ ಮುಂದೆ ಏನು ಕೇಳುತ್ತೀರಿ?" ಅಂದರೆ ಕಲಿಸುವವರ ಲೆಕ್ಕ. ಆದರೆ ಇದಕ್ಕೆ ನಾಲ್ಕು ಆಯ್ಕೆ ಕೊಟ್ಟ ಕೂಡಲೇ ಅರ್ಧ ಗುಟ್ಟು ರಟ್ಟಾಗುತ್ತದೆ. ನಮ್ಮ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಅದರ ಎರಡನೇ ಪತ್ರಿಕೆಯ 150 ಅಂಕದಲ್ಲಿ ಗಣಿತ-ವಿಜ್ಞಾನಕ್ಕೆ 60 ಅಂಕ ಇದೆ, ಎಲ್ಲವೂ ಆಯ್ಕೆಯ ಪ್ರಶ್ನೆ. ಅಷ್ಟು ಜನರ ಪತ್ರಿಕೆ ತಿದ್ದಬೇಕಲ್ಲ, ಬೇರೆ ದಾರಿ ಇಲ್ಲ ಅನ್ನಿ.

ನಮ್ಮೂರಿನ ಒಂದು ಪ್ರಶ್ನೆ ಹೇಳುತ್ತೇನೆ. ಒಂದು ತೋಟದಲ್ಲಿ ಪ್ರತಿ ಬಾಳೆಗೆ ಆರು ಅಡಿಕೆ ಮರ ಇವೆ. ಅಡಿಕೆ ಮರಗಳ ಸಂಖ್ಯೆ ಅ, ಬಾಳೆಯ ಸಂಖ್ಯೆ ಬ. ಸಮೀಕರಣ ಬರೆಯಿರಿ. ಅವಸರದಲ್ಲಿ 6ಅ ಸಮ ಬ ಅಂತ ಬರೆಯುವವರು ಬೇಕಾದಷ್ಟು. ಸರಿಯಾದದ್ದು ಅ ಸಮ 6ಬ. ವಿದ್ಯಾರ್ಥಿಗಳು ಮತ್ತು ಪ್ರೊಫೆಸರುಗಳು ಅಂತ ಇದೇ ಲೆಕ್ಕವನ್ನು ಜಾನ್ ಕ್ಲೆಮೆಂಟ್ ಅನ್ನುವ ಸಂಶೋಧಕರು 1980ರ ಸುಮಾರಿಗೆ ಅಮೆರಿಕದ ಎಂಜಿನಿಯರಿಂಗ್ ಹುಡುಗರಿಗೆ ಕೊಟ್ಟಾಗ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಜನ ತಪ್ಪಿದ್ದರು. ಅಕ್ಷರವನ್ನು ಸಂಖ್ಯೆ ಅಂತ ನೋಡದೆ ವಸ್ತು ಅಂತ ನೋಡಿದರೆ ಹೀಗಾಗುತ್ತದೆ. ನಮ್ಮ ಮೇಷ್ಟ್ರು ಇದಕ್ಕೇ ಇರಬೇಕು, ಅಡಿಕೆಗೆ ಅ ಇಡಲು ಬಿಡುತ್ತಲೇ ಇರಲಿಲ್ಲ. ಭಾಸ್ಕರಾಚಾರ್ಯರ ಕಾಲದವರಂತೆ ಕಾ, ನೀ, ಪೀ ಅಂತ ಬಣ್ಣದ ಹೆಸರು ಇಡಿ ಅನ್ನುತ್ತಿದ್ದರು. ನಮಗೆ ನಗು ಬರುತ್ತಿತ್ತು. ನೀಲಿ ಬಣ್ಣವನ್ನು ಯಾರೂ ಅಡಿಕೆ ಮರ ಅಂದುಕೊಳ್ಳುವುದಿಲ್ಲ ಅಲ್ವಾ!

ಇಂಥ ಪರೀಕ್ಷೆಗಳ ಬಗ್ಗೆ ನನಗೆ ಒಂದು ತಕರಾರೂ ಇದೆ. ಒಂದು ಕಡೆ ತರಬೇತಿಯ ಮೊದಲ ದಿನವೇ ಶಿಕ್ಷಕರ ಅಂಕಗಳನ್ನು ಹೆಸರು ಸಮೇತ ಗೋಡೆಗೆ ಅಂಟಿಸಿಬಿಟ್ಟರು. ಮಾರನೇ ದಿನದಿಂದ ಯಾರೂ ಬಾಯಿ ಬಿಡಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದವರನ್ನು ಹಾಗೆ ಸಾಲಾಗಿ ನಿಲ್ಲಿಸಿದರೆ ಇನ್ನೇನಾಗುತ್ತದೆ? ತರಬೇತಿಯಲ್ಲಿ ಏನು ಹೇಳಿಕೊಡಬೇಕು ಅಂತ ತಿಳಿಯಲು ಈ ಅಂಕ ಬೇಕು. ಬಡ್ತಿಗೋ ಶಿಕ್ಷೆಗೋ ಬಳಸುವುದಾದರೆ ಈ ಪರೀಕ್ಷೆ ಬೇಡವೇ ಬೇಡ.

ನಮ್ಮ ಶಾಲೆಯ ಈಗಿನ ಗಣಿತ ಶಿಕ್ಷಕರಿಗೆ ಒಂದು ಕೋರಿಕೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ರದ್ದಿಗೆ ಹಾಕಬೇಡಿ. ಕನ್ನಡ ಮಾಧ್ಯಮದ ಮಕ್ಕಳು ಬೀಜಗಣಿತದಲ್ಲಿ ನಿಜವಾಗಿ ಬರೆದ ತಪ್ಪುಗಳು ನಮಗೆ ಬೇಕು. ಮಕ್ಕಳ ಹೆಸರು ಕಾಣದ ಹಾಗೆ ಮೊದಲ ಪುಟ ಹರಿದಿಡಿ, ಉಳಿದದ್ದನ್ನು ನಾನೇ ಬಂದು ಒಯ್ಯುತ್ತೇನೆ. ಸರಿ ಉತ್ತರಗಳನ್ನೂ ಇಟ್ಟಿರಿ, ದಾರಿ ಯಾವುದು ಅಂತ ನೋಡಬೇಕು.