ಎರಡನೇ ವಯೊಲಿನ್ ಮೇಷ್ಟ್ರು

ಶಾಲೆ ಅಂದ ಕೂಡಲೇ ನನ್ನ ಜೊತೆಯವರಿಗೆ ಆಟದ ಮೈದಾನ ನೆನಪಾಗುತ್ತದೆ. ನನಗೆ ನೆನಪಾಗುವುದು ಶುಕ್ರವಾರದ ಕೊನೆಯ ಪೀರಿಯಡ್. ಅವತ್ತು ಪಾಶ್ಚಾತ್ಯ ಸಂಗೀತದ ಆರ್ಕೆಸ್ಟ್ರಾದವರು ಬರುತ್ತಿದ್ದರು.

ಅವರು ನಮ್ಮ ಶಾಲೆಯ ಮೇಷ್ಟ್ರುಗಳಲ್ಲ. ನುಡಿಸುವುದೇ ಅವರ ಕಸುಬು. ರಿಹರ್ಸಲ್ ಇಲ್ಲದ ಮಧ್ಯಾಹ್ನ ನಮಗೆ ಸಮಯ ಕೊಡುತ್ತಿದ್ದರು. ಒಬ್ಬರು ಎರಡನೇ ವಯೊಲಿನ್ ಗುಂಪಿನವರು, ಒಬ್ಬರು ಚೆಲ್ಲೊ ಅನ್ನುವ ದೊಡ್ಡ ತಂತಿವಾದ್ಯದವರು, ಇನ್ನೊಬ್ಬರು ಓಬೊ ಅನ್ನುವ ಊದುವ ವಾದ್ಯದವರು. ಸುಮ್ನೆ ನುಡಿಸಿ ಹೋಗುತ್ತಾರೆ ಅಂದುಕೊಂಡಿದ್ದೆವು. ಅವರು ಮೊದಲ ದಿನವೇ ವಾದ್ಯಗಳನ್ನು ನಮ್ಮ ಕೈಗೆ ಕೊಟ್ಟುಬಿಟ್ಟರು. ಚೆಲ್ಲೊದ ದಪ್ಪ ತಂತಿಯ ಮೇಲೆ ಕಮಾನು ಎಳೆದರೆ ಎದೆಯೆಲ್ಲ ಗುಂಯ್ ಅನ್ನುತ್ತಿತ್ತು.

ವಯೊಲಿನ್ ಕೊಡುವ ಮೊದಲು ಮೇಷ್ಟ್ರು ಎಡಗೈ ಚಾಚಿಸಿ ಅಳತೆ ನೋಡುತ್ತಿದ್ದರು. ವಾದ್ಯದ ಸುರುಳಿ ಅಂಗೈಯಲ್ಲಿ ಸರಿಯಾಗಿ ಕೂರಬೇಕು. ಕಾಲು, ಅರ್ಧ, ಮುಕ್ಕಾಲು ಅಳತೆಯ ವಯೊಲಿನ್‌ಗಳನ್ನು ಆರ್ಕೆಸ್ಟ್ರಾದವರೇ ಎರವಲು ಕೊಟ್ಟಿದ್ದರು. ಕೈ ಉದ್ದವಾದಂತೆ ನಮ್ಮದು ಚಿಕ್ಕವರಿಗೆ ಹೋಗುತ್ತಿತ್ತು. ನನ್ನ ಪೆಟ್ಟಿಗೆಯ ಮುಚ್ಚಳದ ಒಳಗೆ ಸಾಲಾಗಿ ಹೆಸರುಗಳಿದ್ದವು, ಕೊನೆಯದೊಂದನ್ನು ಬಿಟ್ಟು ಎಲ್ಲದಕ್ಕೂ ಗೆರೆ ಎಳೆದಿತ್ತು. ಆ ಕೊನೆಯ ಹೆಸರು ನನ್ನದು. ಅದನ್ನು ಎಷ್ಟು ಸಲ ನೋಡಿಕೊಂಡಿದ್ದೆನೋ!

ಶ್ರುತಿ ಮಾಡುವಾಗ ಓಬೊದವರು ಒಂದೇ ಸ್ವರ ಹಿಡಿಯುತ್ತಿದ್ದರು. ಸೆಕೆಂಡಿಗೆ 440 ಕಂಪನದ 'ಎ'. ಎಲ್ಲರೂ ಅದಕ್ಕೇ ಬಂದು ಸೇರಬೇಕು. ಓಬೊದ ದನಿ ಚೂಪಾಗಿ, ಅಲುಗಾಡದೆ ನಿಲ್ಲುತ್ತದೆ, ಗದ್ದಲದಲ್ಲೂ ಕೇಳುತ್ತದೆ. ಅದರ ಬಾಯಿಗೆ ಬೇಕಾದ ರೀಡನ್ನು, ಅಂದರೆ ಊದಿದಾಗ ಅದುರುವ ತೆಳು ಪಟ್ಟಿಯನ್ನು, ಅವರೇ ಚಾಕುವಿನಿಂದ ಹೆರೆದು ಮಾಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಅರ್ಧ ಜನಕ್ಕೆ ಸಂಗೀತಕ್ಕಿಂತ ಆ ಚಾಕುವಿನ ಮೇಲೇ ಕಣ್ಣು.

ವರ್ಷದ ಕೊನೆಗೆ ಅವರ ಪಕ್ಕದಲ್ಲೇ ಕೂತು ನುಡಿಸಿದೆವು. ಸ್ವರಲಿಪಿಯ ಪುಟ ಇಡುವ ಒಂದು ಸ್ಟ್ಯಾಂಡಿಗೆ ಇಬ್ಬರು. ಒಳಬದಿಯಲ್ಲಿ ಕೂತವರು ಪುಟ ತಿರುವಬೇಕು, ಹೊರಬದಿಯವರು ನಿಲ್ಲಿಸದೆ ನುಡಿಸುತ್ತಿರಬೇಕು. ಒಳಬದಿ ನನ್ನದು. "ಪಕ್ಕದವರು ಕೇಳಿಸ್ತಿಲ್ವಾ? ಹಾಗಾದ್ರೆ ನೀನು ಜಾಸ್ತಿ ಜೋರಾಗಿ ನುಡಿಸ್ತಿದ್ದೀಯ," ಅಂದಿದ್ದರು ಮೇಷ್ಟ್ರು. ಎರಡನೇ ವಯೊಲಿನ್‌ನವರಿಗೆ ರಾಗದ ಪಾಲು ಸಿಗುವುದು ಕಡಿಮೆ. ಹೆಚ್ಚಾಗಿ ಬೇರೆಯವರ ರಾಗಕ್ಕೆ ಆಸರೆಯಾಗುವ ಕೆಲಸ. ಬಹುಶಃ ಅದಕ್ಕೇ ಅವರು ಅಷ್ಟು ಚೆನ್ನಾಗಿ ಕಲಿಸುತ್ತಿದ್ದರು ಅಂತ ನನ್ನ ಲೆಕ್ಕ.

ಅಮೆರಿಕದ ಆರ್ಕೆಸ್ಟ್ರಾ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ 1958ರಿಂದ 1972ರವರೆಗೆ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾ ಜೊತೆ ಮಕ್ಕಳಿಗಾಗಿ ಕಛೇರಿ ನಡೆಸಿ ಟಿವಿಯಲ್ಲೂ ತೋರಿಸಿದರು ಅಂತ ಆಮೇಲೆ ಓದಿದೆ. ವೆನೆಜುವೆಲಾದಲ್ಲಿ 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೆಯು ಶುರುಮಾಡಿದ ಎಲ್ ಸಿಸ್ಟೆಮಾ ಅನ್ನುವ ಸಂಗೀತ ಶಿಕ್ಷಣ ಯೋಜನೆಯಲ್ಲಿ ಬಡ ಮಕ್ಕಳು ಮೊದಲಿನಿಂದಲೇ ಆರ್ಕೆಸ್ಟ್ರಾದಲ್ಲಿ ಕೂತು ಕಲಿಯುತ್ತಾರೆ. ಎರಡೂ ದೊಡ್ಡ ಕೆಲಸವೇ. ಆದರೆ ನನ್ನನ್ನು ಕೇಳಿದರೆ ಎರಡನೆಯದಕ್ಕೇ ಜಾಸ್ತಿ ಅಂಕ. ಕಛೇರಿ ಕೇಳಿ ಬಂದ ಮಗುವಿಗೆ ಮಾರನೇ ದಿನ ಕೈಯಲ್ಲಿ ಹಿಡಿಯಲು ಏನಾದರೂ ಬೇಕಲ್ವಾ?

ಶುಕ್ರವಾರದ ಪಾಠ ಈಗಲೂ ನಡೆಯುತ್ತಿದೆ. ಸಣ್ಣ ಅಳತೆಯ ವಾದ್ಯಗಳೇ ಸಾಲುತ್ತಿಲ್ಲವಂತೆ. ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಮಕ್ಕಳು ನುಡಿಸಿ ಬಿಟ್ಟ ವಯೊಲಿನ್ ಇದ್ದರೆ ದಯವಿಟ್ಟು ಶಾಲೆಗೆ ಕಳಿಸಿ. ತಂತಿ ಹಳೆಯದಾದರೂ ಪರವಾಗಿಲ್ಲ. ಕಮಾನಿನ ಕೂದಲನ್ನು ಸಡಿಲ ಮಾಡಿ ಇಡಿ. ತಂತಿಗಳನ್ನು ಮಾತ್ರ ಪೂರ್ತಿ ಬಿಚ್ಚಬೇಡಿ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಬೀಳುತ್ತದೆ, ಒಳಗಿನ ಕಡ್ಡಿಯೂ ಜಾರಿದರೆ ರಿಪೇರಿಯವರ ಹತ್ತಿರವೇ ಹೋಗಬೇಕು.